ಮೊದಲ ಸಾರಿಯೇ ಸರಿಯಾದ ಕೆಲಸ: ಬಿದರಿಯವರಿಂದ ಕಲಿಯತಕ್ಕ ಪಾಠ

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯ ಕಡೆಯಿಂದ ಬಂದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಕೂರಿಗೆಯಿಂದ ಬಿತ್ತುವ ಕ್ರಮವನ್ನು ನಾವು ವಿವರಿಸಬೇಕಾದುದಿಲ್ಲ. ಎತ್ತುಗಳು ಮುಂದೆ ಸಾಗುತ್ತಿರಲು ಹೆಣ್ಣುಮಗಳೊಬ್ಬಳು ಬಟ್ಟಲಿಗೆ ಕಾಳನ್ನು ಬಿಡುತ್ತಾ ಹಿಂದೆ ನಡೆಯುವಳು. ಕಾಳು ಕೊಳವೆಗಳ ಮೂಲಕ ನೆಲಕ್ಕೆ ಇಳಿಯುವುದು. ಒಂದು ಕೊಳವೆಯಲ್ಲಿ ಮಣ್ಣು ಸಿಕ್ಕಿಕೊಂಡರೆ ಆ ಸಾಲಿಗೆ ಕಾಳು ಬೀಳದು. ಆದರೆ ಆ ದಿನ ಮಣ್ಣು ಮುಚ್ಚಿದ ಸಾಲುಗಳೆಲ್ಲವೂ ಒಂದೇ ತೆರನಾಗಿ ಕಾಣುವವು. ಕೆಲವು ದಿನಗಳ ಮೇಲೆ ಮೊಳಕೆ ಎದ್ದಾಗಲೇ ಬರಿದಾದ ಸಾಲು ಕಣ್ಣಿಗೆ ಬೀಳುವುದು. ಅಷ್ಟರಲ್ಲಿ ಭೂಮಿಯ ಹದವು ಹೋಗಿರುವುದು. ಆದಕಾರಣ ಬಲ್ಲವಳು ಮೊಳಕೆಗಾಗಿ ಕಾಯುವುದಿಲ್ಲ. ಬಿತ್ತುವಾಗಲೇ ಕೊಳವೆಯನ್ನು ನೋಡುತ್ತಾ ನಡೆಯುತ್ತಾಳೆ.

ತಪ್ಪು ಹುಟ್ಟಿದ ಸ್ಥಳದಲ್ಲಿಯೇ ಅದನ್ನು ಹಿಡಿದರೆ ಖರ್ಚು ಅಲ್ಪ. ಮುಂದಿನ ಕೆಲಸಕ್ಕೆ ದಾಟಿಬಿಟ್ಟರೆ ಖರ್ಚು ಬಹಳ. ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಕಚೇರಿಯ ಕೆಲಸದವರಾಗಿಯೂ ಇರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ಅವರ ತಾಯಿತಂದೆಗಳ ಮುಂದೆಯೂ, ಈ ಮಾತನ್ನು ಇಡಬೇಕೆಂದು ಬಯಸುತ್ತೇವೆ.

೧. ಬಿದರಿಯ ಎರಡು ಕಪ್ಪುಗಳು

ನಮ್ಮ ಬೀದರ ನಗರದ ಬಿದರಿ ಕೆಲಸವು ಲೋಕಪ್ರಸಿದ್ಧವಾದದ್ದು. ೨೦೦೬ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ೨೦೨೩ರಲ್ಲಿ ಇಲ್ಲಿಯ ಕುಶಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಹೂಜಿಯ ಅಂದವನ್ನು ಹೊಗಳುವವರು ಅನೇಕರು. ಆದರೆ ಅದನ್ನು ಮಾಡುವ ಕ್ರಮದಲ್ಲಿ ಅಡಗಿರುವ ವಿವೇಕವನ್ನು ಗಮನಿಸುವವರು ಕೆಲವರೇ.

ಮೊದಲು ಸತುವಿನಲ್ಲಿ ಸ್ವಲ್ಪ ತಾಮ್ರವನ್ನು ಕೂಡಿಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕವನ್ನು ಅರದಿಂದ ಉಜ್ಜಿ ನಯಮಾಡುತ್ತಾರೆ. ಅದು ಬೂದುಬಿಳುಪಾಗಿರುವುದರಿಂದ ಅದರ ಮೇಲೆ ಗೀರಿದ ಗೆರೆಯು ಚೆನ್ನಾಗಿ ಕಾಣಿಸದು. ಹೀಗಿರಲಾಗಿ ಮೈಲುತುತ್ತದ ನೀರನ್ನು ಸವರಿ ಮೇಲ್ಮೈಯನ್ನು ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಮೊನೆಯಿಂದ ಹೂಬಳ್ಳಿಗಳನ್ನು ಗೀರಿದರೆ ಪ್ರತಿಯೊಂದು ಗೆರೆಯೂ ಬೆಳ್ಳಗೆ ತೋರುವುದು. ಈ ಮೊದಲನೆಯ ಕಪ್ಪು ತಾತ್ಕಾಲಿಕವಾದದ್ದು, ಉಜ್ಜಿದರೆ ಹೋಗುವುದು. ತಪ್ಪಿದರೂ ಇಲ್ಲಿ ತಿದ್ದಿಕೊಳ್ಳಬಹುದು.

ಅನಂತರ ಸಣ್ಣ ಉಳಿಗಳಿಂದ ಆ ಗೆರೆಗಳನ್ನು ಕೊರೆದು, ತೋಡಿದ ಸ್ಥಳದಲ್ಲಿ ಬೆಳ್ಳಿಯ ತಂತಿಯನ್ನಾಗಲಿ ತಗಡನ್ನಾಗಲಿ ಇಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂಡಿಸುತ್ತಾರೆ. ಇದಾದ ಮೇಲೆ ಪಾತ್ರೆಯನ್ನೆಲ್ಲಾ ಉಜ್ಜುವಾಗ ಮೊದಲಿನ ಕಪ್ಪು ಹೋಗಿ, ಲೋಹವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣದವಾಗಿ ಕಾಣುವವು. ಸರಿಯಾದ ಕೆಲಸಕ್ಕೂ ತಪ್ಪಾದ ಕೆಲಸಕ್ಕೂ ಆಗ ಕಣ್ಣಿಗೆ ಭೇದವು ಸುಲಭವಾಗಿ ತಿಳಿಯದು.

ಕಟ್ಟಕಡೆಗೆ ಪಾತ್ರೆಯನ್ನು ಬಿಸಿಮಾಡಿ, ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕೂಡಿಸಿ ತಿಕ್ಕುತ್ತಾರೆ. ಕೂಡಲೇ ಸತುವಿನ ಲೋಹವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಗೆ ಏನೂ ಆಗದೆ ಅದು ಹೊಳೆಯುವುದು. ಈ ಎರಡನೆಯ ಕಪ್ಪು ನಿಲ್ಲತಕ್ಕದ್ದು. ಬೆಳ್ಳಿಯು ಪೂರಾ ತುಂಬದ ಎಡೆಯೊಂದಿದ್ದರೆ ಅದನ್ನೂ ಇದು ಎಲ್ಲರಿಗೂ ತೋರಿಸಿಕೊಡುವುದು.

ಪ್ರಿಯ ವಾಚಕರೇ, ಪ್ರತಿಯೊಂದು ಕೆಲಸದಲ್ಲಿಯೂ ಈ ಎರಡು ಕಪ್ಪುಗಳಿವೆ. ಲೆಕ್ಕದ ಕರಡು ಮೊದಲನೆಯದು. ಸಹಿಯಾಗಿ ಹೊರಟ ಕಾಗದವು ಎರಡನೆಯದು. ಔಷಧದ ಚೀಟಿಯನ್ನು ಓದಿಕೊಳ್ಳುವುದು ಮೊದಲನೆಯದು. ರೋಗಿಯ ರಕ್ತಕ್ಕೆ ಸೇರಿದ ಔಷಧವು ಎರಡನೆಯದು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮೊದಲನೆಯ ಕಪ್ಪಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡುವವಳೇ ಕೆಲಸವನ್ನು ಮೊದಲ ಸಾರಿಗೆ ಸರಿಯಾಗಿ ಮುಗಿಸುವಳು.

೨. ನಮ್ಮ ಹೊಲಿಗೆಯ ತರಗತಿಯಲ್ಲಿ ನಡೆದದ್ದು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಹುಡುಗಿಯೊಬ್ಬಳು ಕುಪ್ಪಸವನ್ನು ಕತ್ತರಿಸುವಾಗ ಎರಡು ತೋಳುಗಳನ್ನೂ ಎಡಗೈಗೆ ಒಪ್ಪುವಂತೆಯೇ ಕತ್ತರಿಸಿಬಿಟ್ಟಳು. ಅದು ಅವಳಿಗೆ ಆಗಲೇ ತಿಳಿಯಿತು. ಬಟ್ಟೆಯೂ ಇನ್ನೂ ಉಳಿದಿತ್ತು. ಆದಾಗ್ಯೂ ಅವಳು ಸುಮ್ಮನೆ ಹೊಲಿದು ಮುಗಿಸಿದಳು. ಪ್ರದರ್ಶನದ ದಿವಸ ಕುಪ್ಪಸವು ಎಲ್ಲರ ಮುಂದೆ ಸೊಟ್ಟಗೆ ನೇತಾಡಿತು. "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದಾಗ ಅವಳು ತಲೆ ತಗ್ಗಿಸಿ, "ಅಕ್ಕನವರೇ, ಹಿಂದಿನ ವಾರ ತಪ್ಪು ಹೇಳಿದವಳನ್ನು ತಾವು ಎಲ್ಲರ ಮುಂದೆ ನಿಲ್ಲಿಸಿದ್ದಿರಿ" ಎಂದಳು. ನಮಗೆ ಉತ್ತರವೇ ಹೊರಡಲಿಲ್ಲ. ಬಟ್ಟೆಯನ್ನು ಕೆಡಿಸಿದ್ದು ಅವಳ ಕತ್ತರಿ. ಕುಪ್ಪಸವನ್ನು ಕೆಡಿಸಿದ್ದು ನಮ್ಮ ಗದರಿಕೆ.

ಅಂದಿನಿಂದ ಎರಡು ಬದಲಾವಣೆಗಳನ್ನು ಮಾಡಿದೆವು. ಬಟ್ಟೆಯ ಒಳಮೈ ಹೊರಗಾಗುವಂತೆ ಮಡಿಸಿ, ಎರಡು ಪದರಗಳನ್ನೂ ಒಂದೇ ಸಾರಿ ಕತ್ತರಿಸುವುದನ್ನು ಕಡ್ಡಾಯಮಾಡಿದೆವು; ಹಾಗೆ ಮಾಡಿದರೆ ಎಡ ಬಲಗಳು ತಾವಾಗಿಯೇ ಬರುವವು. ಕತ್ತರಿ ಹಾಕುವ ಮೊದಲು ಪಕ್ಕದವಳಿಗೆ ತೋರಿಸಬೇಕೆಂತಲೂ, ತಪ್ಪನ್ನು ತಾನಾಗಿ ಹೇಳಿದವಳನ್ನು ಯಾರೂ ಹೀಯಾಳಿಸಕೂಡದೆಂತಲೂ ಗೊತ್ತುಮಾಡಿದೆವು.

೩. ಜಪಾನಿನ ತಟ್ಟೆ

ದೊಡ್ಡ ಕಾರ್ಖಾನೆಗಳವರೂ ಇದೇ ದಾರಿಯನ್ನು ಕಂಡುಕೊಂಡಿದ್ದಾರೆ. ೧೯೬೧ರಲ್ಲಿ ಜಪಾನಿನ ಶಿಗೆಒ ಶಿಂಗೊ ಎಂಬ ತಜ್ಞರು ಒಂದು ವಿದ್ಯುತ್ ಸಾಮಾನಿನ ಕಾರ್ಖಾನೆಗೆ ಹೋದರು. ಅಲ್ಲಿಯ ಕೆಲಸಗಾರರು ಸಣ್ಣ ಸ್ವಿಚ್ಚಿನೊಳಗೆ ಎರಡು ಸ್ಪ್ರಿಂಗುಗಳನ್ನು ಇಡಬೇಕಾಗಿತ್ತು. ಆಗಾಗ್ಗೆ ಒಂದನ್ನು ಮರೆಯುತ್ತಿದ್ದರು. ಎಚ್ಚರಿಕೆಯ ಮಾತುಗಳಿಂದ ಪ್ರಯೋಜನವಾಗಿರಲಿಲ್ಲ. ಶಿಂಗೊರವರು ಒಂದು ಚಿಕ್ಕ ತಟ್ಟೆಯನ್ನು ಇಡಿಸಿ, ಮೊದಲು ಎರಡು ಸ್ಪ್ರಿಂಗುಗಳನ್ನು ಅದರಲ್ಲಿ ಹಾಕಿಕೊಂಡು ಅನಂತರ ಜೋಡಿಸಿರೆಂದರು. ಕೆಲಸ ಮುಗಿದಾಗ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆವು ಅಲ್ಲಿಯೇ ಗೊತ್ತಾಗುತ್ತಿತ್ತು.

ಇಂಥ ಉಪಾಯಗಳಿಗೆ ಮೊದಲು "ಮೂರ್ಖರಿಂದ ತಪ್ಪಾಗದಂತೆ ಮಾಡುವುದು" ಎಂಬರ್ಥದ ಹೆಸರಿತ್ತು. ಇನ್ನೊಂದು ಕಾರ್ಖಾನೆಯ ಹೆಂಗಸೊಬ್ಬಳು ಅದನ್ನು ಕೇಳಿ, ನಾನು ಅಷ್ಟು ಮೂರ್ಖಳೇ ಎಂದು ಅತ್ತಳೆಂದು ಶಿಂಗೊರವರೇ ಹೇಳಿಕೊಂಡಿದ್ದಾರೆ. ೧೯೬೩ರಲ್ಲಿ ಅವರು ಆ ಹೆಸರನ್ನು ತೆಗೆದು, "ಕೈತಪ್ಪನ್ನು ತಡೆಯುವುದು" ಎಂಬರ್ಥ ಬರುವ ಪೋಕ ಯೋಕೆ ಎಂಬ ಹೆಸರನ್ನಿಟ್ಟರು. ಮರೆವು ಮನುಷ್ಯಮಾತ್ರರಿಗೆಲ್ಲಾ ಇರುವುದು. ಮರೆತವಳನ್ನು ಹಳಿಯುವುದಕ್ಕಿಂತ ತಟ್ಟೆಯೊಂದನ್ನು ಇಡುವುದು ಲೇಸು.

೪. ಆಸ್ಪತ್ರೆಯಲ್ಲಿ

ಬಟ್ಟೆಯಲ್ಲಾದ ತಪ್ಪು ಬಟ್ಟೆಯೊಂದಿಗೆ ಮುಗಿಯುವುದು. ದಾದಿಯ ಕೈಯಲ್ಲಿ ಪ್ರಾಣವಿದೆ. ವಿಶ್ವ ಆರೋಗ್ಯ ಸಂಸ್ಥೆಯವರು ಶಸ್ತ್ರಚಿಕಿತ್ಸೆಗಾಗಿ ೧೯ ಅಂಶಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಮಂಪರು ಕೊಡುವ ಮೊದಲು, ಚರ್ಮವನ್ನು ಕೊಯ್ಯುವ ಮೊದಲು, ರೋಗಿಯನ್ನು ಕೋಣೆಯಿಂದ ಹೊರಗೆ ಒಯ್ಯುವ ಮೊದಲು, ಹೀಗೆ ಮೂರು ಸಾರಿ ಎಲ್ಲರೂ ನಿಂತು ಬಾಯಿಬಿಟ್ಟು ವಿಚಾರಿಸಬೇಕು: ಈ ರೋಗಿ ಯಾರು? ಯಾವ ಅಂಗಕ್ಕೆ ಚಿಕಿತ್ಸೆ? ಸೂಜಿಗಳೂ ಬಟ್ಟೆಗಳೂ ಎಣಿಕೆಗೆ ಸರಿಬಂದವೇ?

ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. ಅವುಗಳಲ್ಲೊಂದು ದೆಹಲಿಯ ಸೇಂಟ್ ಸ್ಟೀಫನ್ಸ್ ಆಸ್ಪತ್ರೆ. ಸ್ತ್ರೀಯರಿಗೋಸ್ಕರ ಮಿಷನ್ನಿನವರು ೧೮೮೫ರಲ್ಲಿ ಸ್ಥಾಪಿಸಿದ್ದು. ೨೦೦೯ರಲ್ಲಿ ಪ್ರಕಟವಾದ ಫಲಿತಾಂಶವು ಹೀಗಿತ್ತು: ತೊಡಕುಗಳು ನೂರಕ್ಕೆ ೧೧ರಿಂದ ೭ಕ್ಕೂ, ಮರಣಗಳು ಸಾವಿರಕ್ಕೆ ೧೫ರಿಂದ ೮ಕ್ಕೂ ಇಳಿದಿದ್ದವು. ಅಲ್ಲಿ ಉಪಯೋಗಿಸಿದ್ದು ಒಂದು ಕಾಗದದ ಪಟ್ಟಿ. ಅದರೊಂದಿಗೆ ಎಲ್ಲರಿಗೂ ಮಾತನಾಡುವ ಹಕ್ಕು. ಚಿಕ್ಕ ದಾದಿಯಾದರೂ ದೊಡ್ಡ ವೈದ್ಯರಿಗೆ, "ಸ್ವಾಮಿ, ಸ್ವಲ್ಪ ನಿಲ್ಲಿರಿ, ಎಣಿಕೆ ಸರಿಬರಲಿಲ್ಲ" ಎನ್ನಬಹುದು, ಎನ್ನಲೇಬೇಕು.

೫. ತಾಯಿತಂದೆಗಳಿಗೆ ಒಂದು ಮಾತು

ಹಾಗೆ ಹೇಳುವ ಧೈರ್ಯವು ಆಸ್ಪತ್ರೆಯಲ್ಲಿ ಒಮ್ಮೆಗೇ ಹುಟ್ಟುವುದಿಲ್ಲ. ಅದು ಅಡಿಗೆಯ ಮನೆಯಲ್ಲಿ ಹುಟ್ಟತಕ್ಕದ್ದು. ಮಗಳು ತಾನಾಗಿ ಬಂದು, "ಅವ್ವಾ, ಸಾರಿಗೆ ಎರಡು ಸಾರಿ ಉಪ್ಪು ಹಾಕಿದೆನು" ಎಂದರೆ ಆಗ ನೀವು ಏನನ್ನುವಿರಿ? ಬೈದರೆ ಅವಳು ಉಪ್ಪು ಹಾಕುವುದನ್ನಲ್ಲ, ಮುಚ್ಚಿಡುವುದನ್ನು ಕಲಿಯುವಳು. "ಹೇಳಿದ್ದು ಒಳ್ಳೆಯದಾಯಿತು, ಇನ್ನು ಮೇಲೆ ಹಾಕಿದ ಕೂಡಲೇ ಉಪ್ಪಿನ ಮರಿಗೆಯನ್ನು ದೂರ ಸರಿಸಿಡು" ಎಂದರೆ ತಪ್ಪನ್ನು ಹೇಳುವುದನ್ನೂ ತಡೆಯುವುದನ್ನೂ ಒಂದೇ ಸಾರಿ ಕಲಿಯುವಳು. ಉದಾಸೀನವನ್ನು ಕ್ಷಮಿಸಿರೆಂದು ನಾವು ಹೇಳುವುದಿಲ್ಲ. ಬೇಕೆಂದು ನೋಡದೆ ಬಿಟ್ಟವಳನ್ನು ತಿದ್ದತಕ್ಕದ್ದೇ. ಆದರೆ ಕೈತಪ್ಪಿದವಳಿಗೂ ಅಲಕ್ಷ್ಯಮಾಡಿದವಳಿಗೂ ಒಂದೇ ದಂಡನೆಯಾದರೆ ಇಬ್ಬರೂ ಬಾಯಿ ಮುಚ್ಚಿಕೊಳ್ಳುವರು.

ಪ್ರತಿಯೊಬ್ಬಳೂ ತನ್ನಷ್ಟಕ್ಕೆ ವಿಚಾರಿಸಿಕೊಳ್ಳತಕ್ಕ ಪ್ರಶ್ನೆಗಳು

(೧) ನನ್ನ ಕೆಲಸದಲ್ಲಿ ಅಳಿಸಬಹುದಾದ ಕಪ್ಪು ಯಾವುದು? ಅಳಿಸಲಾಗದ್ದು ಯಾವುದು?
(೨) ಆ ಎರಡರ ನಡುವೆ ನಾನು ನಿಂತು ನೋಡುವ ಸ್ಥಳವು ಎಲ್ಲಿದೆ?
(೩) ನಾನು ಪದೇ ಪದೇ ಮರೆಯುವ ಸಂಗತಿಗೆ ಯಾವ ತಟ್ಟೆಯನ್ನು ಇಡಬಹುದು?
(೪) ನನ್ನ ಕೈಕೆಳಗಿನವರು ತಮ್ಮ ತಪ್ಪನ್ನು ನನಗೆ ಕಡೆಯ ಸಾರಿ ಹೇಳಿದ್ದು ಯಾವಾಗ? ಬಹು ದಿನಗಳಿಂದ ಯಾರೂ ಹೇಳಿಲ್ಲವಾದರೆ, ತಪ್ಪುಗಳೇ ಇಲ್ಲವೆಂದೋ, ನನಗೆ ಹೆದರುತ್ತಾರೆಂದೋ?