ಗಾಯ ಮಾಯಿತು, ಕೈ ಯಾಕೆ ಏಳುತ್ತಿಲ್ಲ?

(ಸಂಘದ ತಿಂಗಳ ಸಭೆಯಲ್ಲಿ ಓದಿ ಚರ್ಚಿಸಲು ಆರೋಗ್ಯ ಪಾಠ)



ದುಡಿದು ತಿನ್ನುವವರಿಗೆ ಕೈಯೇ ಆಸ್ತಿ. ಆ ಕೈಗೆ ಪೆಟ್ಟು ಬೀಳುವುದು ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ. ಕಬ್ಬಿನ ಗಾಣಕ್ಕೆ ಕೈ ಸಿಕ್ಕುತ್ತದೆ, ಒಕ್ಕಣೆ ಯಂತ್ರ ತೋಳನ್ನು ಎಳೆದುಕೊಳ್ಳುತ್ತದೆ, ಅಡಿಕೆ ಮರದಿಂದ ಜಾರುತ್ತಾರೆ, ಬೈಕಿನಿಂದ ಬೀಳುತ್ತಾರೆ. ಮೊದಲ ದಿನ ಎಲ್ಲರ ಕಣ್ಣು ರಕ್ತದ ಮೇಲೆ, ಮೂಳೆಯ ಮೇಲೆ. ಹೊಲಿಗೆ ಹಾಕಿ, ಎಕ್ಸ್‌ರೇ ತೆಗೆದು, ಪ್ಲಾಸ್ಟರ್ ಕಟ್ಟಿ ಮನೆಗೆ ಕಳಿಸುತ್ತಾರೆ. ಒಂದೂವರೆ ತಿಂಗಳ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ನೋಡಿದರೆ ಮೂಳೆ ಕೂಡಿದೆ, ಗಾಯ ಮಾಯಿದೆ, ಆದರೆ ಮಣಿಕಟ್ಟು ಜೋತುಬಿದ್ದಿದೆ. ಲೋಟ ಹಿಡಿಯೋಕೂ ಬರುವುದಿಲ್ಲ.

"ನಿಶ್ಶಕ್ತಿ ಅಷ್ಟೇ, ತಾನಾಗಿ ಸರಿಹೋಗುತ್ತೆ" ಅಂತ ಮನೆಯವರು ಕಾಯುತ್ತಾರೆ. ಕೆಲವರಿಗೆ ಸರಿಹೋಗುವುದೂ ಉಂಟು. ಆದರೆ ನರ ತುಂಡಾಗಿದ್ದರೆ ಕಾಯುವುದರಲ್ಲೇ ಕೈ ಹೋಗುತ್ತದೆ. ಏಕೆಂದರೆ ನರದ ಗಾಯಕ್ಕೆ ಒಂದು ಗಡುವು ಇದೆ. ಆ ಗಡುವನ್ನು ತಿಳಿಯುವುದೇ ಈ ತಿಂಗಳ ಪಾಠ.

ನರ ಎಂದರೆ ಯಾವುದು?

ನಾವು ಮಾತನಾಡುವಾಗ ಎಲ್ಲಕ್ಕೂ "ನರ" ಅಂತಲೇ ಹೇಳುತ್ತೇವೆ. ಕೈ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದು ನರವಲ್ಲ, ಅದು ರಕ್ತನಾಳ. ಬೆರಳು ಮಡಚಿದಾಗ ಮಣಿಕಟ್ಟಿನಲ್ಲಿ ಹುರಿಯಂತೆ ಎದ್ದು ಕಾಣುವುದೂ ನರವಲ್ಲ, ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ನಿಜವಾದ ನರ ಒಳಗಿರುತ್ತದೆ, ಹೊರಗೆ ಕಾಣುವುದಿಲ್ಲ. ಕರೆಂಟಿನ ತಂತಿಯ ಹಾಗೆ ಅದು ಮೆದುಳಿನ ಆಜ್ಞೆಯನ್ನು ಸ್ನಾಯುವಿಗೆ ಒಯ್ಯುತ್ತದೆ. ಬಿಸಿ, ತಣ್ಣಗೆ, ನೋವು, ಸ್ಪರ್ಶದ ಸುದ್ದಿಯನ್ನು ಮೆದುಳಿಗೆ ತರುತ್ತದೆ. ನಾಳ ಕತ್ತರಿಸಿದರೆ ರಕ್ತ ಚಿಮ್ಮುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ನರ ಕತ್ತರಿಸಿದರೆ ಸದ್ದಿಲ್ಲ. ಹುಡುಕಿದರೆ ಮಾತ್ರ ಸಿಗುತ್ತದೆ.

ಕುತ್ತಿಗೆಯ ಬದಿಯಿಂದ ಹೊರಡುವ ನರಗಳ ಗೊಂಚಲು ಕಂಕುಳಿನ ಮೂಲಕ ತೋಳಿಗೆ ಇಳಿಯುತ್ತದೆ. ಅದರಲ್ಲಿ ಅಂಗೈವರೆಗೆ ಬರುವ ಮೂರು ಮುಖ್ಯ ನರಗಳು ರೇಡಿಯಲ್, ಮೀಡಿಯನ್ ಮತ್ತು ಅಲ್ನಾರ್.

ಮೂರು ನರಗಳಿಗೆ ಮೂರು ಪರೀಕ್ಷೆ

"ಬೆರಳು ಅಲ್ಲಾಡಿಸು" ಅಂದರೆ ಸಾಲದು. ಒಂದು ನರ ಹೋದರೂ ಉಳಿದೆರಡು ನರಗಳು ಬೆರಳನ್ನು ಸ್ವಲ್ಪ ಆಡಿಸುತ್ತವೆ, ನಾವು ಮೋಸ ಹೋಗುತ್ತೇವೆ. ಆದ್ದರಿಂದ ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು. ಇದಕ್ಕೆ ಎರಡು ನಿಮಿಷ ಸಾಕು.

1. ರೇಡಿಯಲ್ ನರ: ಬಸ್ಸು ನಿಲ್ಲಿಸಲು ಕೈ ಅಡ್ಡ ಹಿಡಿಯುವ ಹಾಗೆ ಮಣಿಕಟ್ಟನ್ನು ಮೇಲಕ್ಕೆ ಎತ್ತಲು ಹೇಳಿ, ಆಮೇಲೆ ಹೆಬ್ಬೆರಳನ್ನು ಮೇಲೆತ್ತಲು ಹೇಳಿ. ಕೈ ಜೋತುಬಿದ್ದರೆ ಈ ನರಕ್ಕೆ ಪೆಟ್ಟು. ಮುಂಗೈ ಹಿಂಭಾಗದಲ್ಲಿ ಹೆಬ್ಬೆರಳು, ತೋರುಬೆರಳ ನಡುವೆ ಮುಟ್ಟಿ ನೋಡಿ.

2. ಮೀಡಿಯನ್ ನರ: ಹೆಬ್ಬೆರಳ ತುದಿ ಮತ್ತು ತೋರುಬೆರಳ ತುದಿ ಸೇರಿಸಿ ದುಂಡಗೆ ಉಂಗುರ ಮಾಡಲು ಹೇಳಿ. ಉಂಗುರ ಚಪ್ಪಟೆಯಾದರೆ ಅಥವಾ ಮಾಡಲು ಬಾರದಿದ್ದರೆ ಅನುಮಾನ ಪಡಿ. ತೋರುಬೆರಳ ತುದಿ ಮುಟ್ಟಿ ನೋಡಿ.

3. ಅಲ್ನಾರ್ ನರ: ಬೆರಳುಗಳನ್ನು ಅಗಲಿಸಿ, ಮತ್ತೆ ಸೇರಿಸಿ, ನಡುವೆ ಒಂದು ಕಾಗದ ಹಿಡಿಯಲು ಹೇಳಿ. ಎಳೆದರೆ ಕಾಗದ ಸುಲಭವಾಗಿ ಜಾರಿ ಬಂದರೆ ಈ ನರವನ್ನು ನೋಡಬೇಕು. ಕಿರುಬೆರಳ ತುದಿ ಮುಟ್ಟಿ ನೋಡಿ.

ಮುಟ್ಟುವಾಗ ರೋಗಿ ಕಣ್ಣು ಮುಚ್ಚಿರಲಿ. ಎರಡೂ ಕೈಗಳನ್ನು ಮುಟ್ಟಿ "ಎರಡೂ ಒಂದೇ ಥರ ಇದೆಯಾ?" ಎಂದು ಕೇಳಿ. "ಮುಟ್ಟಿದ್ದು ಗೊತ್ತಾಗುತ್ತೆ, ಆದರೆ ದಪ್ಪ ಬಟ್ಟೆ ಮೇಲೆ ಮುಟ್ಟಿದ ಹಾಗಿದೆ" ಅಂದರೂ ಅದು ಸೂಚನೆಯೇ. ಕೊನೆಗೆ ಮೊಣಕೈ ಮಡಚಲು, ತೋಳು ಪಕ್ಕಕ್ಕೆ ಎತ್ತಲು ಹೇಳಿ. ಅದು ಬಾರದಿದ್ದರೆ ಪೆಟ್ಟು ಕುತ್ತಿಗೆ ಬದಿಯ ಗೊಂಚಲಿನಲ್ಲೇ ಇರಬಹುದು.

ಮೂಳೆ ಮುರಿದ ಜಾಗವನ್ನು ಅಲ್ಲಾಡಿಸಬೇಡಿ. ಉಸಿರಾಟ, ರಕ್ತಸ್ರಾವ ಮೊದಲು. ಈ ಪರೀಕ್ಷೆ ಆಮೇಲೆ.

ಯಾವ ಪೆಟ್ಟಿಗೆ ಯಾವ ನರ?

ತೋಳಿನ ನಡುಮೂಳೆ ಮುರಿದವರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ರೇಡಿಯಲ್ ನರ ಕೆಲಸ ನಿಲ್ಲಿಸುತ್ತದೆ. ಆ ನರ ಮೂಳೆಗೆ ಅಂಟಿಕೊಂಡೇ ಸುತ್ತಿ ಹೋಗುವುದು ಇದಕ್ಕೆ ಕಾರಣ. ಗಾಯ ತೆರೆದಿಲ್ಲದಿದ್ದರೆ ಇವರಲ್ಲಿ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಶಕ್ತಿ ಮರಳುತ್ತದೆ. ಮಕ್ಕಳು ಬಿದ್ದು ಮೊಣಕೈ ಮೇಲ್ಭಾಗ ಮುರಿದುಕೊಂಡಾಗ ಮೀಡಿಯನ್ ನರ ಅಥವಾ ಅದರ ಕವಲಿಗೆ ಪೆಟ್ಟಾಗುವುದುಂಟು. ಮಣಿಕಟ್ಟಿನಲ್ಲಿ ಗಾಜು, ಕುಡುಗೋಲು ತಾಗಿದರೆ ಮೇಲೆ ಎರಡು ಹೊಲಿಗೆಯ ಸಣ್ಣ ಗಾಯ ಕಂಡರೂ ಒಳಗೆ ನಾಳ, ಹುರಿ, ನರ ಮೂರೂ ಕತ್ತರಿಸಿರಬಹುದು.

ಬೈಕಿನಿಂದ ಭುಜ ಊರಿ ಬಿದ್ದಾಗ ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಎಳೆದು ಗೊಂಚಲಿನ ಮೇಲಿನ ನರಗಳು ಕೀಳುತ್ತವೆ. ತೋಳು ಏಳುವುದಿಲ್ಲ, ಮೊಣಕೈ ಮಡಚುವುದಿಲ್ಲ. ಮರದಿಂದ ಜಾರುವಾಗ ಕೊಂಬೆಯನ್ನೋ ಕಾಂಡವನ್ನೋ ಒಂದೇ ಕೈಯಲ್ಲಿ ಹಿಡಿದು ಜೋತವರಿಗೆ ಕೆಳಗಿನ ನರಗಳು ಕೀಳುತ್ತವೆ. ಅವರ ಭುಜ ಚೆನ್ನಾಗಿರುತ್ತದೆ, ಅಂಗೈ ಕೆಲಸ ಮಾಡುವುದಿಲ್ಲ.

ಮೊದಲ ಗಂಟೆಯಲ್ಲಿ ಏನು ಮಾಡಬೇಕು?

* ಶುಭ್ರ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಶಿನ, ಸುಣ್ಣ ತುಂಬಬೇಡಿ.
* ತೋಳಿಗೆ ಹಗ್ಗ ಬಿಗಿದು ಕಟ್ಟಬೇಡಿ. ಒತ್ತಿದರೂ ರಕ್ತ ನಿಲ್ಲದೆ ಜೀವಕ್ಕೇ ಅಪಾಯವಿದ್ದರೆ ಮಾತ್ರ ಅಗಲವಾದ ಬಟ್ಟೆ ಕಟ್ಟಿ, ಕಟ್ಟಿದ ಸಮಯ ಬರೆದಿಟ್ಟು, ತಡಮಾಡದೆ ಆಸ್ಪತ್ರೆ ಸೇರಿಸಿ.
* ಯಂತ್ರಕ್ಕೆ ಕೈ ಸಿಕ್ಕಿದ್ದರೆ ಎಳೆಯಬೇಡಿ. ಯಂತ್ರ ನಿಲ್ಲಿಸಿ, ಬಿಚ್ಚಿ ತೆಗೆಯಿರಿ.
* ಬೆರಳು ಅಥವಾ ಕೈ ತುಂಡಾಗಿದ್ದರೆ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ಮೇಲೆ ಇಡಿ. ತುಂಡಿಗೆ ಐಸ್ ನೇರವಾಗಿ ತಾಗಬಾರದು.
* ಉಂಗುರ, ಬಳೆ ತೆಗೆಯಿರಿ. ಊತ ಬಂದ ಮೇಲೆ ತೆಗೆಯಲು ಬರುವುದಿಲ್ಲ.
* 108ಕ್ಕೆ ಫೋನ್ ಮಾಡಿ.

ಬಿಗಿ ಕಟ್ಟಿನ ಅಪಾಯ

ಮುರಿದ ಕೈಗೆ ಬಿದಿರು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿಸಿಕೊಳ್ಳುವ ರೂಢಿ ಇನ್ನೂ ಇದೆ. ಆಸ್ಪತ್ರೆಯ ಪ್ಲಾಸ್ಟರ್ ಕೂಡ ಊತದಿಂದ ಬಿಗಿಯಾಗಬಹುದು. ಒಳಗೆ ಒತ್ತಡ ಏರಿದರೆ ರಕ್ತ ಓಡುವುದಿಲ್ಲ; ಸುಮಾರು ಆರು ಗಂಟೆ ಕಳೆದರೆ ಸ್ನಾಯು, ನರ ಸಾಯತೊಡಗುತ್ತವೆ. ಲಕ್ಷಣಗಳು: ಮಾತ್ರೆ ಕೊಟ್ಟರೂ ತಗ್ಗದ ನೋವು, ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೆ ಕಿರುಚುವಷ್ಟು ನೋವು, ಜೋಮು, ಬಿಳಿಚಿದ ಬೆರಳು. ಮಗು ರಾತ್ರಿಯೆಲ್ಲ ಅಳುತ್ತಿದ್ದರೆ "ಹಠ ಮಾಡುತ್ತೆ" ಅನ್ನಬೇಡಿ. ಬೆಳಗಾಗುವವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಓಡಿ, ಕಟ್ಟು ಸಡಿಲಿಸಬೇಕು.

ನರದ ಗಡಿಯಾರ

1943ರಲ್ಲಿ ಸೆಡನ್ ಎಂಬ ಇಂಗ್ಲೆಂಡಿನ ವೈದ್ಯರು ನರದ ಪೆಟ್ಟನ್ನು ಮೂರು ಬಗೆ ಮಾಡಿದರು. ಇಂದಿಗೂ ಅದೇ ಬಳಕೆಯಲ್ಲಿದೆ. ಮೊದಲನೆಯದು ಅದುಮಿದ ಪೆಟ್ಟು, ತಂತಿ ಹಾಳಾಗಿಲ್ಲ, ವಾರಗಳಲ್ಲಿ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆ ಕಡಿದಿದೆ, ಹೊರಗಿನ ಕೊಳವೆ ಉಳಿದಿದೆ. ಎಳೆ ಮತ್ತೆ ಬೆಳೆಯುತ್ತದೆ. ಮೂರನೆಯದು ಪೂರ್ತಿ ತುಂಡು. ಆಪರೇಷನ್ ಇಲ್ಲದೆ ಕೂಡುವುದಿಲ್ಲ.

ನರ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಅಂಗುಲದಷ್ಟು. ಇತ್ತ ಆಜ್ಞೆ ಬಾರದ ಸ್ನಾಯು ಒಣಗುತ್ತಾ ಹೋಗಿ, 12ರಿಂದ 18 ತಿಂಗಳು ಕಳೆದರೆ ನರ ಬಂದು ಮುಟ್ಟಿದರೂ ಏಳುವುದಿಲ್ಲ. ಈಗ ಲೆಕ್ಕ ಹಾಕಿ. ಕುತ್ತಿಗೆ ಬದಿಯಿಂದ ಅಂಗೈಗೆ ಸುಮಾರು 70 ಸೆಂಟಿಮೀಟರ್. ಅಂದರೆ 700 ದಿನ, ಹತ್ತಿರಹತ್ತಿರ ಎರಡು ವರ್ಷ. ನರ ತಲುಪುವ ಮೊದಲೇ ಸ್ನಾಯು ಸತ್ತಿರುತ್ತದೆ! ಅದಕ್ಕೇ ತಜ್ಞರು ಹತ್ತಿರದ ಒಳ್ಳೆಯ ನರದಿಂದ ಒಂದೆರಡು ಎಳೆ ಸಾಲ ಪಡೆದು ಜೋಡಿಸುತ್ತಾರೆ. ಮೊಣಕೈ ಮಡಚಲು ಅಲ್ನಾರ್ ನರದ ಎಳೆಯನ್ನು ಹೀಗೆ ಜೋಡಿಸುವ ವಿಧಾನವನ್ನು 1994ರಲ್ಲಿ ಫ್ರಾನ್ಸಿನ ಒಬರ್ಲಿನ್ ಪ್ರಕಟಿಸಿದರು. ಅಂತರ ಚಿಕ್ಕದಾದಷ್ಟೂ ಫಲ ಬೇಗ.

ಆದ್ದರಿಂದ ಈ ಗಡುವುಗಳು ನೆನಪಿರಲಿ:

* ಹರಿತವಾದದ್ದರಿಂದ ಕತ್ತರಿಸಿದ ನರ: ಕೆಲವೇ ದಿನಗಳಲ್ಲಿ ಹೊಲಿದರೆ ಒಳ್ಳೆಯದು.
* ಪೆಟ್ಟಾಗಿ 3 ವಾರದ ಮೇಲೆ: ನರದ ಕರೆಂಟ್ ಪರೀಕ್ಷೆ (ಇಎಂಜಿ) ಸರಿಯಾದ ಉತ್ತರ ಕೊಡುತ್ತದೆ.
* 3 ತಿಂಗಳಾದರೂ ಸುಧಾರಣೆಯ ಗುರುತಿಲ್ಲದಿದ್ದರೆ: ನರದ ಆಪರೇಷನ್ ಮಾಡುವ ತಜ್ಞರಿಗೆ ತೋರಿಸಲೇಬೇಕು. 6 ತಿಂಗಳು ದಾಟಿದರೆ ಫಲ ಇಳಿಯುತ್ತಾ ಹೋಗುತ್ತದೆ.

ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಡಾಕ್ಟರನ್ನು ಪ್ರಶ್ನೆ ಕೇಳಲು ನಮ್ಮವರು ಹೆದರುತ್ತಾರೆ. ಕೇಳುವುದು ಉದ್ಧಟತನವಲ್ಲ. "ನರ ಪರೀಕ್ಷೆ ಮಾಡಿದ್ದೀರಾ ಸಾರ್? ಯಾವ ನರಕ್ಕೆ ಪೆಟ್ಟಾಗಿದೆ? ಚೀಟಿಯಲ್ಲಿ ಬರೆದುಕೊಡುತ್ತೀರಾ? ಮತ್ತೆ ಯಾವಾಗ ತೋರಿಸಬೇಕು?" ಈ ನಾಲ್ಕು ಸಾಕು. ಪ್ಲಾಸ್ಟರ್ ಅಥವಾ ಆಪರೇಷನ್‌ಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಆಗಬೇಕು. ಎಲ್ಲ ಚೀಟಿ, ಎಕ್ಸ್‌ರೇ ಜೋಪಾನವಾಗಿಡಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ನಿಮ್ಮ ಆಪರೇಷನ್ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

ಕಾಯುವ ತಿಂಗಳುಗಳಲ್ಲಿ ಮನೆಯ ಆರೈಕೆ

ನರ ಬೆಳೆಯುವವರೆಗೆ ಗಂಟುಗಳು ಬಿಗಿದುಹೋಗಬಾರದು. ದಿನಕ್ಕೆ ನಾಲ್ಕಾರು ಸಲ, ಫಿಸಿಯೋಥೆರಪಿಯವರು ತೋರಿಸಿದಂತೆ, ಒಳ್ಳೆಯ ಕೈಯಿಂದ ಪೆಟ್ಟಾದ ಕೈಯ ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸಿ. ಜೋತ ಮಣಿಕಟ್ಟಿಗೆ ಸ್ಪ್ಲಿಂಟ್ ಹಾಕಿ. ಎಣ್ಣೆ ತಿಕ್ಕಿದರೆ ಚರ್ಮಕ್ಕೆ ಹಿತ, ಆದರೆ ಕಡಿದ ನರ ಎಣ್ಣೆಯಿಂದ ಕೂಡುವುದಿಲ್ಲ.

ಸ್ಪರ್ಶವಿಲ್ಲದ ಬೆರಳಿಗೆ ಕಣ್ಣೇ ಕಾವಲು. ಒಲೆ ಮೇಲಿನ ಪಾತ್ರೆ, ಬೀಡಿ, ಬಿಸಿ ಟೀ ಲೋಟ ಯಾವುದೂ ಸುಟ್ಟಿದ್ದು ಗೊತ್ತಾಗುವುದಿಲ್ಲ. ನೀರಿನ ಬಿಸಿಯನ್ನು ಒಳ್ಳೆಯ ಕೈಯಲ್ಲಿ ನೋಡಿ; ರಾತ್ರಿ ಮಲಗುವ ಮುಂಚೆ ಕೈಯನ್ನು ಬೆಳಕಿನಲ್ಲಿ ತಿರುಗಿಸಿ ನೋಡಿ. ಕರೆಂಟ್ ಹೊಡೆದಂಥ ಉರಿನೋವು ಬಂದರೆ ಸಹಿಸಿಕೊಂಡು ಕೂರಬೇಡಿ. ನರದ ನೋವಿಗೆ ಬೇರೆಯೇ ಔಷಧಿ ಇದೆ.

ತಡವಾಗಿದ್ದರೆ?

ಗಡುವು ಮೀರಿದವರಿಗೂ ದಾರಿ ಇದೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗದಿಂದ ನರ ಸತ್ತು ಕೈ ಮಡಚಿಹೋದವರಿಗೆ ಒಳ್ಳೆಯ ಸ್ನಾಯುವಿನ ಹುರಿಯನ್ನು ಬೇರೆಡೆ ಜೋಡಿಸಿ ಬೆರಳು ಆಡುವಂತೆ ಮಾಡಿದರು. ಅಪಘಾತದಲ್ಲಿ ನರ ಕಳೆದುಕೊಂಡವರಿಗೂ ಇಂದು ಇಂಥ ಹುರಿ ಜೋಡಣೆ ಮಾಡುತ್ತಾರೆ. ಜೋತ ಮಣಿಕಟ್ಟು ವರ್ಷಗಳ ಮೇಲೂ ಏಳಬಲ್ಲದು. ಆದರೆ ಒಂದು ಷರತ್ತು: ಗಂಟುಗಳು ಸಡಿಲವಾಗಿರಬೇಕು. ಆದ್ದರಿಂದ ವ್ಯಾಯಾಮ ಬಿಡಬೇಡಿ. ಸ್ಪರ್ಶ ಮಾತ್ರ ಈ ಆಪರೇಷನ್‌ನಿಂದ ಬರುವುದಿಲ್ಲ. ಕಣ್ಣಿನ ಕಾವಲು ಮುಂದುವರಿಯಲೇಬೇಕು.

ಸಭೆಯಲ್ಲಿ ಚರ್ಚಿಸಿ

1. ಪ್ರತಿಯೊಬ್ಬರೂ ಪಕ್ಕದವರ ಕೈಯಲ್ಲಿ ಮೂರು ಪರೀಕ್ಷೆಗಳನ್ನು ಮಾಡಿ ನೋಡಿ.
2. ನಮ್ಮ ಊರಿನಲ್ಲಿ ಪೆಟ್ಟಾಗಿ ಕೈ ಜೋತುಬಿದ್ದವರು ಇದ್ದಾರೆಯೇ? ಎಷ್ಟು ತಿಂಗಳಾಯಿತು? ಈ ವಾರವೇ ಅವರ ಮನೆಗೆ ಯಾರು ಹೋಗುತ್ತೀರಿ?
3. ಊರಿನ ಗಾಣ, ಒಕ್ಕಣೆ ಯಂತ್ರಗಳಿಗೆ ಮುಚ್ಚಳ ಇದೆಯೇ? ಇಲ್ಲದಿದ್ದರೆ ಮಾಲೀಕರ ಜೊತೆ ಮಾತನಾಡುವವರು ಯಾರು?