ಅಂಕಣಕ್ಕೆ ಯಾರು, ಎಷ್ಟು ಹತ್ತಿರ?

ವಿಶ್ವವಿದ್ಯಾಲಯದ ಒಳಾಂಗಣ ಕ್ರೀಡಾಂಗಣದ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು, ಎಷ್ಟು ಜನ ಹಿಡಿಸುತ್ತಾರೆ ಎಂದು. ಇಂಥ ಕಟ್ಟಡಗಳನ್ನೂ ಅಲ್ಲಿನ ಆಟವನ್ನೂ ಗಮನಿಸುತ್ತ ಬಂದ ನಾನು ಕಲಿತದ್ದು ಬೇರೆ: ಕೇಳಬೇಕಾದ್ದು ಅಂಕಣಕ್ಕೆ ಯಾರು ಎಷ್ಟು ಹತ್ತಿರ ಇರುತ್ತಾರೆ ಎಂಬುದನ್ನು. ಇದನ್ನು ಮನದಟ್ಟು ಮಾಡಿಸಿದ್ದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮೆರಾನ್ ಕ್ರೀಡಾಂಗಣ. 1940ರ ಜನವರಿ 6ರಂದು ಪ್ರಿನ್ಸ್‌ಟನ್ ವಿರುದ್ಧದ ಬ್ಯಾಸ್ಕೆಟ್‌ಬಾಲ್ ಪಂದ್ಯದೊಂದಿಗೆ ಅದು ತೆರೆಯಿತು. ತರಬೇತುದಾರರೂ ಕ್ರೀಡಾ ನಿರ್ದೇಶಕರೂ ಆಗಿದ್ದ ಎಡ್ಡಿ ಕ್ಯಾಮೆರಾನ್ ಅವರ ಹೆಸರು ಬಂದದ್ದು 1972ರಲ್ಲಿ. ಆಸನಗಳು 9,314, ಅಷ್ಟೆ. ಹತ್ತಿರದ ಚಾಪೆಲ್ ಹಿಲ್‌ನಲ್ಲಿ 1986ರಲ್ಲಿ ತೆರೆದ ಡೀನ್ ಸ್ಮಿತ್ ಸೆಂಟರ್ ಇದರ ಎರಡು ಪಟ್ಟಿಗಿಂತಲೂ ದೊಡ್ಡದು. ಆದರೂ ಹೊರಗಿನ ತಂಡಗಳು ಹೆಚ್ಚು ಅಂಜುವುದು ಕ್ಯಾಮೆರಾನ್‌ಗೆ. ಕಾರಣ ಕಟ್ಟಡದ ರಚನೆಯಲ್ಲೇ ಇದೆ. ಕೆಳಗಿನ ಮೆಟ್ಟಿಲು ಆಸನಗಳು ಅಂಕಣದ ಗೆರೆಯ ಪಕ್ಕದಲ್ಲೇ ಶುರುವಾಗುತ್ತವೆ. ಅಲ್ಲಿ ವಿದ್ಯಾರ್ಥಿಗಳು ಪಂದ್ಯ ಮುಗಿಯುವ ತನಕ ನಿಂತೇ ಕೂಗುತ್ತಾರೆ. ಗೆರೆಯಾಚೆಯಿಂದ ಚೆಂಡು ಎಸೆಯುವ ಆಟಗಾರನಿಗೆ ಅವರು ಕೈಗೆಟಕುವಷ್ಟು ಸಮೀಪ. ಹಣ ಕೊಟ್ಟ ದಾನಿಗಳ ಜಾಗ ಮೇಲಂತಸ್ತಿನಲ್ಲಿ. ದಾನಿಗಳನ್ನು ಮುಂದೆ ಕೂರಿಸಿ ವಿದ್ಯಾರ್ಥಿಗಳನ್ನು ಹಿಂದಕ್ಕೆ ತಳ್ಳುವ ಕ್ರೀಡಾಂಗಣಗಳು ಎಷ್ಟೋ ಇರುವಾಗ, ಈ ಏರ್ಪಾಟು ನನಗೆ ನ್ಯಾಯವಾಗಿ ಕಾಣುತ್ತದೆ.

ಆಸನ ಕಡಿಮೆಯಾದರೆ ವರಮಾನವೂ ಕಡಿಮೆ, ಊರಿನ ಸಾಮಾನ್ಯ ಜನರಿಗೆ ಟಿಕೆಟ್ಟೂ ಸಿಗದು ಎನ್ನುವವರಿದ್ದಾರೆ. ಎರಡನೆಯ ಮಾತನ್ನು ನಾನು ತಳ್ಳಿಹಾಕಲಾರೆ, ಅದು ನಿಜವಾದ ನಷ್ಟ. ಆದರೆ ಸಾವಿರಾರು ಆಸನ ಸೇರಿಸಲು ಗ್ಯಾಲರಿಗಳನ್ನು ಹಿಂದಕ್ಕೂ ಮೇಲಕ್ಕೂ ಎಳೆದರೆ, ಹೊಸದಾಗಿ ಬಂದವರಿಗೆ ಸಿಗುವುದು ದೂರದ ನೋಟ ಮಾತ್ರ. ಇದ್ದವರ ಸಾಮೀಪ್ಯವೂ ಹೋಗುತ್ತದೆ. ಹಳೆಯದನ್ನು ಹಾಗೇ ಬಿಡಬೇಕೆಂದೂ ಅಲ್ಲ. ಕ್ಯಾಮೆರಾನ್‌ಗೆ ಹವಾನಿಯಂತ್ರಣ ಬಂತು, 2016ರಲ್ಲಿ ಪ್ರವೇಶದ್ವಾರದ ಭಾಗ ವಿಸ್ತಾರವಾಯಿತು. ಅಂಕಣಕ್ಕೂ ಪ್ರೇಕ್ಷಕರಿಗೂ ನಡುವಿನ ಅಂತರ ಬೆಳೆಯಲಿಲ್ಲ. ದುರಸ್ತಿ ಮಾಡುವವರು ಕಲಿಯಬೇಕಾದ್ದು ಈ ವಿವೇಚನೆಯನ್ನು.

ಸಾಮೀಪ್ಯವನ್ನು ಇಷ್ಟು ಹೊಗಳಿದ ಮೇಲೆ, ದೂರ ಇಡಲ್ಪಟ್ಟವರು ಯಾರು ಎಂದು ಕೇಳದೆ ವಿಧಿಯಿಲ್ಲ. ಈ ಕ್ರೀಡಾಂಗಣವನ್ನು ವಿನ್ಯಾಸಗೊಳಿಸಿದ ಜೂಲಿಯನ್ ಏಬೆಲ್ ಕರಿಯ ವಾಸ್ತುಶಿಲ್ಪಿ, ಫಿಲಡೆಲ್ಫಿಯಾದ ಹೊರೇಸ್ ಟ್ರಂಬಾವರ್ ಸಂಸ್ಥೆಯ ಮುಖ್ಯ ವಿನ್ಯಾಸಕಾರ. ಆಗ ಡ್ಯೂಕ್‌ನಲ್ಲಿ ಕರಿಯರಿಗೆ ಪ್ರವೇಶವೇ ಇರಲಿಲ್ಲ. ಏಬೆಲ್ 1950ರಲ್ಲಿ ತೀರಿಕೊಂಡರು. ಕರಿಯ ವಿದ್ಯಾರ್ಥಿಗಳು ಅಲ್ಲಿ ಪದವಿ ತರಗತಿಗೆ ಸೇರಿದ್ದು 1963ರಲ್ಲಿ. ಅಲ್ಲಿನ ಮೊದಲ ಕರಿಯ ಬ್ಯಾಸ್ಕೆಟ್‌ಬಾಲ್ ಆಟಗಾರ ಸಿ. ಬಿ. ಕ್ಲೇಬೋರ್ನ್, ಅಂಕಣದಲ್ಲಿ ಆಡಿದರೂ, ಬಿಳಿಯರಿಗಷ್ಟೇ ಮೀಸಲಾದ ಕ್ಲಬ್ಬಿನಲ್ಲಿ ನಡೆದ ತಂಡದ ಔತಣಕ್ಕೆ ಹೋಗುವಂತಿರಲಿಲ್ಲ. ವರ್ಣಭೇದದ ಕತೆ ಸಮಾಜದ್ದು, ಅದನ್ನು ಕಲ್ಲು ಗಾರೆಯ ಮೇಲೆ ಯಾಕೆ ಹೊರಿಸಬೇಕು ಎಂದು ಕೆಲವರು ಕೇಳಬಹುದು. ಕಲ್ಲು ಗಾರೆಯನ್ನು ಯಾರೂ ದೂರುತ್ತಿಲ್ಲ. ಆದರೆ ಜನರನ್ನು ಹತ್ತಿರ ತರುವುದೇ ಈ ಕಟ್ಟಡದ ಹಿರಿಮೆ ಎನ್ನುವಾಗ, ಅದನ್ನು ಕಲ್ಪಿಸಿದವರ ಮಕ್ಕಳಿಗೇ ಅಲ್ಲಿ ವಿದ್ಯಾರ್ಥಿಗಳಾಗಿ ನಿಲ್ಲಲು ಹಕ್ಕಿರಲಿಲ್ಲ ಎಂಬುದನ್ನು ಬಿಟ್ಟರೆ ಆ ಮಾತು ಅರ್ಧ ಸುಳ್ಳಾಗುತ್ತದೆ. 1986ರಲ್ಲಿ ಏಬೆಲ್ ವಂಶದ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿ ಪತ್ರಿಕೆಗೆ ಪತ್ರ ಬರೆದ ಮೇಲಷ್ಟೇ ಅವರ ಹೆಸರು ಆವರಣದಲ್ಲಿ ವ್ಯಾಪಕವಾಗಿ ತಿಳಿಯಿತು. 2016ರಲ್ಲಿ ಮುಖ್ಯ ಚೌಕಕ್ಕೆ ಆ ಹೆಸರಿಟ್ಟರು. ಕ್ರೀಡಾಂಗಣದ ಕತೆ ಹೇಳುವವರು ತರಬೇತುದಾರರಿಗಿಂತ ಮೊದಲು ಏಬೆಲ್ ಅವರಿಂದ ಶುರುಮಾಡಬೇಕು.