ಕಾರ್ಬುರೇಟರ್ ಬಿಚ್ಚೋ ಮುಂಚೆ

ನೋಡು ಮಗ, ಅಶ್ವಿನಿ, ಭರಣಿ ಮಳೆ ಒಂದೆರಡು ಬಿದ್ದು ತೋಟದಲ್ಲಿ ಹುಲ್ಲು ಎದ್ದಿತು ಅಂದರೆ ನಮ್ಮ ದಂಡಿನಶಿವರದ ಸುತ್ತ ಎಲ್ಲರಿಗೂ ಒಂದೇ ಸಲ ಕಳೆ ಮಿಷನ್ ನೆನಪಾಗುತ್ತೆ. ದೀಪಾವಳಿ ಹೊತ್ತಿಗೆ ಮೂಲೆಗೆ ಒರಗಿಸಿದ್ದನ್ನು ಎತ್ತಿಕೊಂಡು ಬಂದು, ಹಗ್ಗ ಎಳೆದೂ ಎಳೆದೂ ರಟ್ಟೆ ನೋಯಿಸಿಕೊಂಡು, ಕೊನೆಗೆ 'ಕಾರ್ಬುರೇಟರ್ ಹೋಗಿದೆ' ಅಂತ ತೀರ್ಪು ಕೊಡ್ತಾರೆ. ಮೊನ್ನೆ ನೀನೂ ಅದನ್ನೇ ಹೇಳಿದೆ. ನನ್ನ ಕೇಳಿದರೆ, ಹತ್ತಕ್ಕೆ ಎಂಟು ಮಿಷನ್ನಿನಲ್ಲಿ ಕೆಟ್ಟಿರೋದು ಒಳಗೆ ಆರು ತಿಂಗಳು ನಿಂತ ಪೆಟ್ರೋಲ್.

ಅದಕ್ಕೆ ಮೊದಲು ಸ್ಪ್ಯಾನರ್ ಕೆಳಗಿಡು. ನಾಲ್ಕಾರು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿ ನೋಡು. ಒಣಗಿದ್ದರೆ ಪೆಟ್ರೋಲ್ ಒಳಕ್ಕೆ ಹೋಗ್ತಾ ಇಲ್ಲ. ತೊಯ್ದು ತೊಟ್ಟಿಕ್ಕುತ್ತಿದ್ದರೆ ಜಾಸ್ತಿ ಹೋಗ್ತಿದೆ, ಇಲ್ಲವೇ ಕಿಡಿ ಇಲ್ಲ. ಪ್ಲಗ್ ತೂತಿಗೆ ಅರ್ಧ ಚಮಚ ಪೆಟ್ರೋಲ್ ಬಿಟ್ಟು, ಪ್ಲಗ್ ಬಿಗಿದು ಎಳಿ. ಬುರ್ ಅಂದು ನಿಂತರೆ ಕಿಡಿ ಸರಿಯಿದೆ, ತೊಂದರೆ ಪೆಟ್ರೋಲಿನ ದಾರಿಯಲ್ಲಿದೆ. ಹಾಗಂತ ಆಗಲೂ ಕಾರ್ಬುರೇಟರಿಗೆ ಕೈ ಹಾಕಬೇಡ. ಟ್ಯಾಂಕಿನ ಒಳಗೆ ಪೈಪಿನ ತುದಿಯಲ್ಲಿ ಒಂದು ಪುಟ್ಟ ಫಿಲ್ಟರ್ ಇರುತ್ತೆ. ತಂತಿ ಬಗ್ಗಿಸಿ ಕೊಕ್ಕೆ ಮಾಡಿಕೊಂಡು ಮುಚ್ಚಳದ ಬಾಯಿಂದ ಅದನ್ನು ಎಳೆದು ತೆಗಿ. ಕಪ್ಪಾಗಿ ಗಟ್ಟಿಯಾಗಿದ್ದರೆ ಹೊಸದು ಹಾಕು. ಟ್ಯಾಂಕಿನ ಮುಚ್ಚಳದ ಗಾಳಿತೂತು ಧೂಳು ಕಟ್ಟಿದ್ದರೂ ಸಾಕು, ಮಿಷನ್ ಐದು ನಿಮಿಷ ಓಡಿ ನಿಂತುಬಿಡುತ್ತೆ. ಏರ್ ಫಿಲ್ಟರಿನ ಸ್ಪಂಜು, ಸೈಲೆನ್ಸರ್ ಬಾಯಿಯ ಜಾಲರಿಯಲ್ಲಿ ಕಟ್ಟಿದ ಮಸಿ, ಇವನ್ನೂ ನೋಡಿಬಿಡು.

ಇಷ್ಟಾದ ಮೇಲೂ ಚೋಕ್ ಹಾಕಿದಾಗ ಓಡಿ, ಚೋಕ್ ತೆಗೆದ ತಕ್ಷಣ ಆರಿ ಹೋಗ್ತಿದ್ದರೆ, ಆಗ ಬಿಚ್ಚು. ಅದು ಹಸಿದ ಇಂಜಿನ್ನಿನ ಲಕ್ಷಣ.

ಬಿಚ್ಚೋಕೆ ಮುಂಚೆ ಒಳಗೆ ಏನು ನಡೆಯುತ್ತೆ ಅಂತ ತಿಳಿದಿರಲಿ. ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ 1893ರಲ್ಲಿ ಮಾಡಿದ ಸಿಂಪಡಿಸೋ ಕಾರ್ಬುರೇಟರಿನ ತತ್ವ ಇವತ್ತಿಗೂ ಅದೇ: ಗಾಳಿ ಕಿರಿದಾದ ಕೊರಳಲ್ಲಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಇಳಿದು, ಸಣ್ಣ ತೂತಿನಿಂದ ಪೆಟ್ರೋಲ್ ತಾನಾಗಿ ಎದ್ದು ಬರುತ್ತೆ. ಔಷಧಿ ಹೊಡೆಯೋ ಪಂಪಿಗೆ ಕೂಡಿಸಿದ ಹೋಂಡಾ ಜಿಎಕ್ಸ್ 160 ಥರದ ಇಂಜಿನ್ನಿನಲ್ಲಿ ಕೆಳಗೊಂದು ಬಟ್ಟಲು, ಅದರಲ್ಲಿ ತೇಲೋ ಫ್ಲೋಟ್ ಇರುತ್ತೆ. ಅದು ನೆಲದ ಮೇಲೆ ನೆಟ್ಟಗೆ ಕೂರುವ ಇಂಜಿನ್. ಕಳೆ ಮಿಷನ್ ಹೆಗಲ ಮೇಲೆ ಅಡ್ಡಡ್ಡ ಆಡುತ್ತೆ, ಒಣಗಿದ ತೆಂಗಿನ ಮರ ಕೊಯ್ಯೋ ಚೈನ್ ಸಾ ತಲೆಕೆಳಗೂ ಆಗುತ್ತೆ. ಅಲ್ಲಿ ಬಟ್ಟಲು ನಿಲ್ಲೋದಿಲ್ಲ. ಹಾಗಾಗಿ ಫ್ಲೋಟಿನ ಬದಲು ತೆಳುವಾದ ಡಯಾಫ್ರಾಮ್. ಒಂದು ಕಡೆಯದು ಕ್ರ್ಯಾಂಕ್‌ಕೇಸಿನ ಒತ್ತಡ ಏರಿ ಇಳಿದ ಹಾಗೆಲ್ಲ ಮಿಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತೆ. ಇನ್ನೊಂದು ಕಡೆಯದು ಪುಟ್ಟ ಲಿವರ್ ಒತ್ತಿ, ಬೇಕಾದಷ್ಟೇ ಸೂಜಿ ತೆರೆಯುತ್ತೆ. ಈ ಡಯಾಫ್ರಾಮ್ ಬಿರುಸಾದರೆ ಆಟ ಮುಗಿಯಿತು.

ಬಿರುಸಾಗೋದು ಯಾಕೆ ಅಂದರೆ ಕಾಲ ಬದಲಾಗಿದೆ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. ನೂರಕ್ಕೆ 20 ಪಾಲು ಎಥನಾಲ್. ಎಥನಾಲ್ ಗಾಳಿಯ ತೇವ ಹೀರುತ್ತೆ, ಹಳೇ ರಬ್ಬರನ್ನು ಕೆಡಿಸುತ್ತೆ. ನೀರು ಜಾಸ್ತಿಯಾದರೆ ಎಥನಾಲ್ ನೀರಿನ ಜೊತೆ ತಳಕ್ಕೆ ಇಳಿದು ಪೆಟ್ರೋಲಿನಿಂದ ಬೇರೆಯಾಗುತ್ತೆ. ಟೂ ಸ್ಟ್ರೋಕ್ ಮಿಷನ್ನಿಗೆ ಇದು ಎರಡು ಪಟ್ಟು ಕೇಡು. ನೀನು ಬೆರೆಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿದು, ತಳದ ಪದರದಲ್ಲಿ ಆಯಿಲ್ಲೇ ಇರೋಲ್ಲ. ಫಿಲ್ಟರ್ ಬಿದ್ದಿರೋದು ತಳದಲ್ಲಿ. ಪಿಸ್ಟನ್ ಹಿಡಿದುಕೊಂಡ ಮೇಲೆ ಅತ್ತರೆ ಏನು ಬಂತು? ಅನುಮಾನ ಬಂದರೆ ಟ್ಯಾಂಕಿನದ್ದನ್ನು ಗಾಜಿನ ಬಾಟಲಿಗೆ ಬಸಿದು ಒಂದು ಗಳಿಗೆ ನಿಲ್ಲಿಸು, ಪದರ ಕಣ್ಣಿಗೇ ಕಾಣುತ್ತೆ.

ಈಗ ಬಿಚ್ಚು. ಬಯಲಲ್ಲಿ, ಬಿಳಿ ಪಂಚೆಯ ಮೇಲೆ, ಬೀಡಿ ಸೇದೋರನ್ನು ದೂರ ಕಳಿಸಿ. ಒಂದೊಂದು ಪದರ ತೆಗೆದಾಗಲೂ ಮೊಬೈಲಿನಲ್ಲಿ ಫೋಟೋ ಹೊಡಿ. ಗ್ಯಾಸ್ಕೆಟ್ ಮೊದಲೋ ಡಯಾಫ್ರಾಮ್ ಮೊದಲೋ ಅನ್ನೋದು ಎರಡು ಕಡೆಯೂ ಒಂದೇ ಇರೋಲ್ಲ, ಅಲ್ಲೇ ಎಲ್ಲರೂ ಎಡವೋದು. ಎಚ್, ಎಲ್ ಅಂತ ಇರೋ ಎರಡು ಸ್ಕ್ರೂಗಳನ್ನು ಬಿಚ್ಚೋ ಮುಂಚೆ ಮೆತ್ತಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಅಂತ ಬರೆದಿಟ್ಟುಕೋ. ಬಿಗಿಯಾಗಿ ಒತ್ತಿದರೆ ಸೂಜಿಯ ಮೂತಿ ಕೆಡುತ್ತೆ. ಪಂಪ್ ಕಡೆಯ ಮುಚ್ಚಳದ ಕೆಳಗೆ ಹೆಬ್ಬೆಟ್ಟಿನ ಉಗುರಿಗಿಂತ ಚಿಕ್ಕ ಜಾಲರಿ ಇದೆ. ನಿಂತ ಪೆಟ್ರೋಲ್ ಅಲ್ಲಿ ಹಲಸಿನ ಮೇಣದ ಹಾಗೆ ಕಟ್ಟಿರುತ್ತೆ. ಡಯಾಫ್ರಾಮನ್ನು ಬೆರಳಲ್ಲಿ ಮಡಿಸಿ ನೋಡು. ಮೆತ್ತಗೆ ಬಾಗದೆ ಎಕ್ಸ್‌ರೇ ಫಿಲ್ಮಿನಂತೆ ಚರಪರ ಅಂದರೆ ಎಸೆ.

ತೂತಿಗೆ ಬ್ರೇಕ್ ವೈರಿನ ಎಳೆ ಹಾಕಿ ಕೆದಕೋ ಮೆಕ್ಯಾನಿಕ್ಕರನ್ನು ನಾನು ಕ್ಷಮಿಸೋಲ್ಲ. ಜೆಟ್ ಹಿತ್ತಾಳೆಯದು, ಉಕ್ಕಿನ ಎಳೆ ಅದನ್ನು ಕೂದಲೆಳೆಯಷ್ಟು ಅಗಲ ಮಾಡಿದರೂ ಲೆಕ್ಕ ತಪ್ಪುತ್ತೆ. ಕಾರ್ಬುರೇಟರ್ ಕ್ಲೀನರ್ ಹೊಡೆದು ನೆನೆಯಲು ಬಿಡು, ಆಮೇಲೆ ಪಂಕ್ಚರ್ ಅಂಗಡಿಯ ಗಾಳಿ ಹಿಡಿ. ಕ್ಲೀನರ್ ಆಗಲಿ ಗಾಳಿ ಆಗಲಿ, ರಬ್ಬರು, ಡಯಾಫ್ರಾಮ್ ಎಲ್ಲ ಹೊರಗೆ ತೆಗೆದ ಮೇಲೆ.

ಕಿಟ್ ತರುವಾಗ ಹಳೇ ಡಯಾಫ್ರಾಮ್ ಜೇಬಿನಲ್ಲಿ ಇರಲಿ, ಒಂದರ ಮೇಲೊಂದು ಇಟ್ಟು ತೂತು ಹೊಂದಿಸಿ ತಗೋ. ಒಳ್ಳೆ ಕಂಪನಿಯ ಕಾರ್ಬುರೇಟರಾದರೆ ಕಿಟ್ ಹಾಕೋದು ಲೇಸು. ಅಗ್ಗದ ಮಿಷನ್ನಾದರೆ ಇಡೀ ಕಾರ್ಬುರೇಟರನ್ನೇ ಬದಲಾಯಿಸು, ನಿನ್ನ ಒಂದು ದಿನದ ಕೆಲಸವೂ ಬೆಲೆಯುಳ್ಳದ್ದೇ.

ಜೋಡಿಸಿದ ಮೇಲೆ ಬರೆದಿಟ್ಟಷ್ಟೇ ಸುತ್ತು ಹೊರಕ್ಕೆ ತಿರುಗಿಸಿ ಚಾಲೂ ಮಾಡು. ಸದ್ದು ಜೋರಾಗಿ ಕೇಳಿಸಲಿ ಅಂತ ಎಚ್ ಸ್ಕ್ರೂ ಒಳಕ್ಕೆ ತಿರುಗಿಸ್ತಾ ಹೋಗಬೇಡ. ಪೆಟ್ರೋಲ್ ಕಡಿಮೆಯಾದರೆ ಅದರೊಡನೆ ಬರುವ ಆಯಿಲ್ಲೂ ಕಡಿಮೆ. ಇಂಜಿನ್ ಕಿರುಚುತ್ತಾ ಕಾದು ಸಾಯುತ್ತೆ. ಆಯಿಲ್ ಅಳತೆ ಮಿಷನ್ನಿನ ಪುಸ್ತಕದಲ್ಲಿದ್ದಂತೆ: 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಕ್ಯಾಪಿನಲ್ಲಿ ಅಂದಾಜಿಗೆ ಸುರಿಯೋದು ಬೇಡ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಲೇಬಾರದು.

ಇದನ್ನೆಲ್ಲ ಕಲಿತಿಟ್ಟುಕೊಳ್ಳೋಕೆ ಇನ್ನೊಂದು ಕಾರಣ ಇದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ನಮ್ಮ ಕಾಯಿ ಮೂಟೆ ಹೊರೋ ಟಿವಿಎಸ್ ಎಕ್ಸೆಲ್ಲಿಗೂ ಫ್ಯೂಯೆಲ್ ಇಂಜೆಕ್ಷನ್ ಆಯಿತು. ಹೊಸ ಹುಡುಗರು ಗ್ಯಾರೇಜಿನಲ್ಲಿ ಕಲಿಯೋದು ಸ್ಕ್ಯಾನರ್ ಹಿಡಿಯೋದನ್ನೇ. ಕಾರ್ಬುರೇಟರ್ ಈಗ ರಸ್ತೆ ಬಿಟ್ಟು ತೋಟಕ್ಕೆ ಸರಿದಿದೆ, ತೋಟದವನೇ ನೋಡಿಕೊಳ್ಳಬೇಕು.

ಈ ಸಲ ಹುಲ್ಲು ಹೊಡೆಯೋ ಕೆಲಸ ಮುಗಿದ ದಿನ ಟ್ಯಾಂಕ್ ಪೂರ್ತಿ ಬಸಿ. ಪ್ರೈಮರ್ ಬಲ್ಬ್ ಖಾಲಿಯಾಗೋವರೆಗೂ ಒತ್ತು, ಆಮೇಲೆ ಚಾಲೂ ಮಾಡಿ ತಾನಾಗಿ ನಿಲ್ಲೋ ತನಕ ಓಡಿಸು. ಬಸಿದ ಪೆಟ್ರೋಲಿನ ಕ್ಯಾನನ್ನು ಮಾತ್ರ ಕೊಬ್ಬರಿ ಅಟ್ಟದ ಕೆಳಗೆ ಇಡಬೇಡ ಮಗ. ಮೇಲೆ ವರ್ಷದ ಫಸಲು ಸಿಪ್ಪೆ ಸಮೇತ ಒಣಗ್ತಾ ಕೂತಿರುತ್ತೆ.